ಅಡ್ಡ ನಿಂತ ಲಾರಿ, ಕಟ್ಟಿಕೊಂಡ ಜಂಕ್ಷನ್

ಸಂಜೆ ಆರರ ಹೊತ್ತಿಗೆ ಎಂ-ಸ್ಯಾಂಡ್ ತುಂಬಿದ ಲಾರಿಯೊಂದು ಸಿಗ್ನಲ್ ದಾಟಿ ನಲವತ್ತು ಮೀಟರ್ ಹೋಗಿ ಕೆಟ್ಟು ನಿಂತಿತು. ಆ ಹೊತ್ತಿಗೆ ಅದು ಊರೊಳಗೆ ಇರಲೇಬಾರದಿತ್ತು, ಆ ಮಾತು ಬೇರೆ. ಮೂರು ಲೇನಿನ ರಸ್ತೆ. ಲಾರಿ ನಡುವಿನ ಲೇನಲ್ಲಿ, ಎಡ ಲೇನಿನ ಉದ್ದಕ್ಕೂ ಅಂಗಡಿಗೆ ಬಂದವರ ಕಾರುಗಳು. ಬಲಕ್ಕೆ ಉಳಿದದ್ದು ಒಂದೇ ಲೇನು.

ಮೂರರಲ್ಲಿ ಒಂದು ಲೇನು ಮುಚ್ಚಿದರೆ ಮೂರನೇ ಎರಡು ಪಾಲು ಗಾಡಿಯಾದರೂ ಹೋಗಬೇಕಲ್ಲ ಅಂತ ಲೆಕ್ಕ ಹಾಕುವವರಿದ್ದಾರೆ. ಹೋಗುವುದಿಲ್ಲ. ರಸ್ತೆಯಲ್ಲಿ ಎಷ್ಟು ಗಾಡಿ ಓಡಬಹುದೆಂದು ಲೆಕ್ಕ ಹಾಕುವ ಅಮೆರಿಕದ ಕೈಪಿಡಿ ಹೈವೇ ಕೆಪಾಸಿಟಿ ಮ್ಯಾನ್ಯುಯಲ್ ಹೆದ್ದಾರಿಗೆ ಕೊಡುವ ಅಂಕಿಯಲ್ಲೇ ಉಳಿಯುವುದು ಸುಮಾರು ಅರ್ಧ. ಪಕ್ಕದ ಲೇನಿಗೆ ನುಗ್ಗುವವರು, ಬಿಡದವರು, ನಿಧಾನ ಮಾಡಿ ಲಾರಿ ನೋಡುವವರು ಸೇರಿ ಉಳಿದದ್ದನ್ನು ತಿನ್ನುತ್ತಾರೆ. ಇಲ್ಲಿ ಎರಡು ಲೇನು ಹೋಗಿತ್ತು. ಹೀಗಾಗಿ ಸಾಲು ಬೇಗನೆ ಹಿಂದಕ್ಕೆ ಬೆಳೆದು ಗಾಡಿ ನಿಲ್ಲಿಸಬಾರದ ಜಂಕ್ಷನ್ನಿನ ಹಳದಿ ಚೌಕದೊಳಗೆ ಬಂತು. ಅಲ್ಲಿಂದಾಚೆ ಲಾರಿ ಇರುವ ಕಡೆ ಹೋಗಬೇಕಾಗಿಯೇ ಇಲ್ಲದ ಅಡ್ಡರಸ್ತೆಯವರೂ ಸಿಕ್ಕಿಕೊಂಡರು. ಹಸಿರು ಬಿದ್ದಿದೆ, ಮುಂದೆ ಜಾಗವಿಲ್ಲ, ಆದರೂ ಒಬ್ಬರ ಹಿಂದೆ ಒಬ್ಬರು ಚೌಕದೊಳಗೆ ಬರುತ್ತಲೇ ಇದ್ದರು.

ಇಂಥ ಹೊತ್ತಿನಲ್ಲಿ ನಮ್ಮ ಸಂಚಾರ ಪೊಲೀಸರಲ್ಲಿ ಹೊಸಬರು ಲಾರಿಯ ಕಡೆ ಓಡುತ್ತಾರೆ. ಮೊದಲು ಓಡಬೇಕಾದ್ದು ಸಿಗ್ನಲ್ ಪೆಟ್ಟಿಗೆಯ ಕಡೆ. ಸಿಗ್ನಲನ್ನು ಮ್ಯಾನ್ಯುಯಲ್‌ಗೆ ಹಾಕಿ, ಲಾರಿಯ ದಿಕ್ಕಿಗೆ ಹೋಗುವ ಗಾಡಿಗಳನ್ನು ಸ್ಟಾಪ್ ಲೈನಿನಲ್ಲೇ ತಡೆದು, ಚೌಕ ಖಾಲಿ ಮಾಡಿಸಬೇಕು. ಚೌಕ ಖಾಲಿಯಾದರೆ ಉಳಿದ ದಿಕ್ಕುಗಳಾದರೂ ಓಡುತ್ತವೆ. ಜೊತೆಗೇ ವೈರ್‌ಲೆಸ್‌ನಲ್ಲಿ ಹಿಂದಿನ ಸಿಗ್ನಲಿನವರಿಗೆ ಹೇಳಿ ಅಲ್ಲಿಂದ ಬಿಡುವ ಗಾಡಿ ಕಡಿಮೆ ಮಾಡಿಸಬೇಕು. ಅವರು ಎಂದಿನಂತೆ ಬಿಡುತ್ತಿದ್ದರೆ ಇಲ್ಲಿ ಎಷ್ಟು ಜನ ಕೈ ಬೀಸಿದರೂ ವ್ಯರ್ಥ.

ಇನ್ನೊಬ್ಬ ಸಿಬ್ಬಂದಿ ರಸ್ತೆ ನಡುವಿನ ಮೀಡಿಯನ್ ಬಿಟ್ಟ ಜಾಗದಲ್ಲಿ ನಿಲ್ಲಲೇಬೇಕು. ಜಾಮ್ ಆದ ಐದೇ ನಿಮಿಷಕ್ಕೆ ಬೈಕಿನವರು ಅಲ್ಲಿಂದ ಎದುರು ಬದಿಗೆ ಇಳಿದು ರಾಂಗ್ ಸೈಡಲ್ಲಿ ಹೊರಡುತ್ತಾರೆ, ಅವರ ಹಿಂದೆ ಆಟೋ. ಆಮೇಲೆ ಎದುರಿನ ರಸ್ತೆಯೂ ಬಂದ್, ಕ್ರೇನ್ ಬರುವ ದಾರಿಯೂ ಬಂದ್. ಎದುರು ದಿಕ್ಕಿನಲ್ಲಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಲ್ಲಿ ಅಪಾಯಕಾರಿ ಚಾಲನೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡವಿದೆ, ಜೈಲೂ ಇದೆ. ಆದರೆ ಆಗಲೇ ಅಲ್ಲೇ ಹಿಡಿದು ರಸೀದಿ ಹರಿಯುತ್ತ ಕೂತರೆ ಹಿಡಿದವನೂ ಸಿಕ್ಕವನೂ ಸೇರಿ ಇನ್ನೊಂದು ಅಡಚಣೆ. ನಂಬರ್ ಪ್ಲೇಟ್ ಕಾಣುವಂತೆ ಒಂದು ಫೋಟೋ ಸಾಕು. ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷ್ಯದ ಮೇಲೆ ಆಮೇಲೆ ನೋಟಿಸ್ ಕಳಿಸಬಹುದು. ಪೀಕ್ ಅವರ್‌ನಲ್ಲಿ ಎಡ ಲೇನಿಗೆ ಇಳಿದು ಹೆಲ್ಮೆಟ್ ಕೇಸು ಹಾಕುವ ಅಭ್ಯಾಸವನ್ನೂ ಈ ಕಾರಣಕ್ಕೇ ಬಿಡಬೇಕು.

ಇಷ್ಟಾದ ಮೇಲೆ ಲಾರಿ. ಹಿಂದೆ ಕೋನ್ ಇಡುವಾಗ ಎಲ್ಲವನ್ನೂ ಲಾರಿಯ ಬಾಲಕ್ಕೆ ಅಂಟಿಸಿದಂತೆ ಇಟ್ಟರೆ ಪ್ರಯೋಜನವಿಲ್ಲ. ಮೂವತ್ತು ಮೀಟರ್ ಹಿಂದಿನಿಂದಲೇ ಓರೆಯಾಗಿ ಇಟ್ಟುಕೊಂಡು ಬರಬೇಕು, ಬರುವವನಿಗೆ ಲೇನ್ ಬದಲಿಸಲು ಜಾಗ ಸಿಗಬೇಕು. ಈ ರಸ್ತೆಯಲ್ಲಿ ಅಷ್ಟು ಹಿಂದೆ ಹೋದರೆ ಜಂಕ್ಷನ್ನೇ ಹತ್ತಿರ ಬಂತು. ಅದಕ್ಕೇ ಮೊದಲ ಕೋನಿನ ಹತ್ತಿರ ಲೈಟ್ ಬ್ಯಾಟನ್ ಹಿಡಿದು ಒಬ್ಬರು ನಿಂತರು.

"ಏರ್ ಇಲ್ಲ ಸಾರ್, ಬ್ರೇಕ್ ಹಿಡ್ಕೊಂಡ್ಬಿಟ್ಟಿದೆ," ಅಂದ ಡ್ರೈವರ್. ಸುತ್ತ ಸೇರಿದವರು ಆಗಲೇ ಹತ್ತು ಜನ ತಳ್ಳಲು ಸಿದ್ಧ. ಏರ್ ಬ್ರೇಕಿನ ಲಾರಿ, ಬಸ್ಸುಗಳಲ್ಲಿ ಹಿಂದಿನ ಗಾಲಿಯ ಪಾರ್ಕಿಂಗ್ ಬ್ರೇಕನ್ನು ಹಿಡಿಯುವುದು ಗಾಳಿಯಲ್ಲ, ಸ್ಪ್ರಿಂಗು. ಆ ಸ್ಪ್ರಿಂಗನ್ನು ಅದುಮಿ ಬ್ರೇಕ್ ಬಿಡಿಸುವುದು ಗಾಳಿಯ ಕೆಲಸ. ಪೈಪ್ ಒಡೆದೋ ಒಳಗಿನ ರಬ್ಬರ್ ಪರದೆ (ಡಯಾಫ್ರಮ್) ಹರಿದೋ ಗಾಳಿ ಸೋರಿದರೆ ಸ್ಪ್ರಿಂಗ್ ಬಂದು ಕೂರುತ್ತದೆ. ಆಗ ತಳ್ಳಿದರೂ ಇಲ್ಲ, ಎಳೆದರೂ ಇಲ್ಲ. ಕ್ರೇನ್ ಹಾಕಿ ಹಾಗೇ ಎಳೆದರೆ ಗಾಲಿ ತಿರುಗದೆ ಟೈರು ರಸ್ತೆಗೆ ಉಜ್ಜಿ ಹರಿಯುತ್ತದೆ, ಇಲ್ಲವೇ ಸರಪಳಿ ಕೊಕ್ಕೆ ಕಿತ್ತು ಬರುತ್ತದೆ.

ಬಿಡಿಸಲು ದಾರಿ ಎರಡು. ಕ್ರೇನಿನ ಏರ್ ಟ್ಯಾಂಕಿನಿಂದ ಹೋಸ್ ಕೊಟ್ಟು ಲಾರಿಯ ಲೈನಿಗೆ ಗಾಳಿ ತುಂಬುವುದು ಸುಲಭದ್ದು. ಸೋರಿಕೆ ದೊಡ್ಡದಿದ್ದರೆ ಇದು ನಿಲ್ಲುವುದಿಲ್ಲ. ಅಂದು ಗಾಳಿ ಕೊಟ್ಟ ಹಾಗೇ ಸ್ಪ್ರಿಂಗ್ ಇರುವ ಹಿಂದಿನ ಡಬ್ಬಿಯಿಂದ, ಅಂದರೆ ಚೇಂಬರಿನಿಂದ, ಬುಸ್ಸೆಂದು ಹೋಗುತ್ತಿತ್ತು. ಎರಡನೆಯದು, ಸ್ಪ್ರಿಂಗ್ ಚೇಂಬರಿನ ಹಿಂಬದಿಯ ಬೋಲ್ಟನ್ನು ಸ್ಪ್ಯಾನರ್‌ನಿಂದ ತಿರುಗಿಸಿ ಸ್ಪ್ರಿಂಗನ್ನು ಹಿಂದಕ್ಕೆ ಎಳೆದು ಕಟ್ಟುವುದು. ಪ್ರತಿ ಚೇಂಬರಿಗೂ ಬೇರೆ ಬೇರೆ ಮಾಡಬೇಕು. ಬೋಲ್ಟಿಗೆ ಕೈಹಾಕುವ ಮೊದಲು ಗಾಲಿಗಳಿಗೆ ಎರಡೂ ಕಡೆ ಮರದ ದಿಮ್ಮಿ ಕೊಡದಿದ್ದರೆ, ಬ್ರೇಕ್ ಬಿಟ್ಟ ಕ್ಷಣ ಇಪ್ಪತ್ತು ಟನ್ನಿನ ಗಾಡಿ ಇಳಿಜಾರಿನತ್ತ ಹೊರಡುತ್ತದೆ, ಅದನ್ನು ನಿಲ್ಲಿಸಲು ಏನೂ ಇರುವುದಿಲ್ಲ. ಚೇಂಬರಿನ ಸುತ್ತ ಇರುವ ಕ್ಲಾಂಪನ್ನು ಮಾತ್ರ ಯಾರೂ ಬಿಚ್ಚಬಾರದು. ಒಳಗಿನ ಸ್ಪ್ರಿಂಗ್ ಚಿಮ್ಮಿದರೆ ಎದುರಿದ್ದವನ ಜೀವ ಹೋಗುತ್ತದೆ.

ಎಳೆಯುವಾಗ ಹಗ್ಗ ಬೇಡ, ಕಬ್ಬಿಣದ ಬಾರ್ ಬೇಕು. ಬ್ರೇಕಿಲ್ಲದ ಲಾರಿ ಹಗ್ಗದಲ್ಲಿದ್ದರೆ ಕ್ರೇನ್ ನಿಂತ ತಕ್ಷಣ ಹಿಂದಿನಿಂದ ಬಂದು ಗುದ್ದುತ್ತದೆ. ಎಂಜಿನ್ ಆಫ್ ಆಗಿದ್ದರೆ ಪವರ್ ಸ್ಟೀರಿಂಗೂ ಇಲ್ಲ, ಚಕ್ರ ತಿರುಗಿಸಲು ಮೈಯೆಲ್ಲ ಹಾಕಬೇಕು. ಹಿಂದಿನ ಗಾಲಿ ನೆಲದ ಮೇಲಿಟ್ಟು ದೂರ ಒಯ್ಯುವುದಾದರೆ ಗೇರ್‌ಬಾಕ್ಸನ್ನು ಹಿಂದಿನ ಗಾಲಿಗೆ ಜೋಡಿಸುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಎಣ್ಣೆ ಸಿಗದೆ ಸುಟ್ಟುಹೋಗುತ್ತದೆ. ಆದರೆ ರಸ್ತೆ ಬದಿಗೆ ಐವತ್ತು ಮೀಟರ್ ಸರಿಸಲು ಶಾಫ್ಟ್ ಬಿಚ್ಚುತ್ತ ಕೂರುವುದು ಅನಗತ್ಯ. ಮೊದಲು ಲೇನ್ ಬಿಡಿಸಿ, ರಿಪೇರಿ ಆಮೇಲೆ.

ಬದಿಗೆ ಸರಿಸೋಣವೆಂದರೆ ಎಡಗಡೆ ಕಾರುಗಳು. ಮೈಕಿನಲ್ಲಿ ನಂಬರ್ ಕೂಗಿದರೆ ಅರ್ಧಕ್ಕರ್ಧ ಮಾಲೀಕರು ಓಡಿ ಬಂದು ತೆಗೆಯುತ್ತಾರೆ, ಅಂದೂ ಹಾಗೇ ಆಯಿತು. ಉಳಿದವನ್ನು ಎತ್ತಬೇಕು. ಎತ್ತುವ ಮುನ್ನ ನಾಲ್ಕೂ ಕಡೆ ವಿಡಿಯೋ, ನೋ ಪಾರ್ಕಿಂಗ್ ಬೋರ್ಡ್ ಸೇರಿದ ಫೋಟೋ. ಇಲ್ಲದಿದ್ದರೆ ಹಳೇ ಗೀರೆಲ್ಲ ನಮ್ಮ ತಲೆಗೆ. ಮುಂದಿನ ಗಾಲಿಯಿಂದ ಓಡುವ ಕಾರನ್ನು ಮುಂದಿನಿಂದಲೇ ಎತ್ತಬೇಕು. ಎಲೆಕ್ಟ್ರಿಕ್ ಕಾರು ಮತ್ತು ಫೋರ್ ವೀಲ್ ಡ್ರೈವ್‌ಗೆ ಫ್ಲಾಟ್‌ಬೆಡ್ಡೇ ಆಗಬೇಕು, ಓಡಿಸುವ ಗಾಲಿ ನೆಲದಲ್ಲಿ ಉರುಳಿದರೆ ಮೋಟಾರು, ಗೇರು ಕೆಡುತ್ತವೆ. ಮುಖ್ಯರಸ್ತೆಯಲ್ಲಿ ವೀಲ್ ಕ್ಲಾಂಪ್ ಹಾಕುವುದಂತೂ ನಮ್ಮ ಪ್ರಕಾರ ಪೆದ್ದುತನ: ಅಡ್ಡ ನಿಂತದ್ದನ್ನು ಅಲ್ಲೇ ಬೀಗ ಹಾಕಿ ಇಟ್ಟಂತೆ.

ಸಂಚಾರಕ್ಕೆ ಅಡ್ಡಿಯಾದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 201ನೇ ಸೆಕ್ಷನ್ನಿನಲ್ಲಿ 500 ರೂಪಾಯಿವರೆಗೆ ದಂಡ; ತೆಗೆಸುವ ಅಧಿಕಾರ 127ರಲ್ಲಿದೆ. ಭಾರತೀಯ ನ್ಯಾಯ ಸಂಹಿತೆಯ 285ರಲ್ಲಿ ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ 5,000ದವರೆಗೆ ದಂಡವಿದೆ. ಹಳೆಯ ಐಪಿಸಿ 283ರಲ್ಲಿ ಇದ್ದದ್ದು ಬರೀ 200.

ಲಾರಿ ಬದಿಗೆ ಬಂದ ಮೇಲೂ ಹಿಂದಿನವರ ಹಾರ್ನ್ ನಿಲ್ಲಲಿಲ್ಲ. ನಿಲ್ಲುವುದೂ ಇಲ್ಲ. ನಿಂತ ಸಾಲಿನಲ್ಲಿ ಚಲನೆ ಹಿಂದಕ್ಕೆ ದಾಟುವುದು ಗಂಟೆಗೆ ಹದಿನೈದಿಪ್ಪತ್ತು ಕಿಲೋಮೀಟರ್ ವೇಗದಲ್ಲಿ. ಮೊದಲ ಗಾಡಿ ಹೊರಟರೂ ಅರ್ಧ ಕಿಲೋಮೀಟರ್ ಹಿಂದಿನವನ ಸರದಿ ಒಂದೂವರೆ, ಎರಡು ನಿಮಿಷದ ಮೇಲೆ. ಆತುರಕ್ಕೆ ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ಮುಂದಿನ ಸಿಗ್ನಲಿನಲ್ಲಿ ಇದೇ ಕಥೆ ಮತ್ತೆ ಶುರು. ಕಂತು ಕಂತಾಗಿ ಬಿಡಬೇಕು.

ಕೊನೆಗೆ ಎಲ್ಲರೂ ಮರೆಯುವ ಕೆಲಸ. ಡ್ರೈವರ್‌ಗಳು ಕೆಟ್ಟ ಗಾಡಿಯ ಹಿಂದೆ ಇಟ್ಟ ಕಲ್ಲು, ಮರದ ಕೊಂಬೆ ಅಲ್ಲೇ ಉಳಿದಿರುತ್ತವೆ. ಕತ್ತಲಲ್ಲಿ ಬೈಕಿಗೆ ಲಾರಿಗಿಂತ ಅವೇ ಅಪಾಯ. ಅವನ್ನು ಎತ್ತಿ ಹಾಕಿ, ಚೆಲ್ಲಿದ ಎಂ-ಸ್ಯಾಂಡ್ ಗುಡಿಸಬೇಕು. ಎಣ್ಣೆ ಸೋರಿದ್ದರೆ ನೀರು ಹೊಡೆಯಬಾರದು, ಇನ್ನಷ್ಟು ಹರಡುತ್ತದೆ. ಮರದ ಹೊಟ್ಟು ಹಾಕಿ, ಹೀರಿದ ಮೇಲೆ ಗುಡಿಸುವುದು.

ಮರುದಿನ ಆ ಅಂಗಡಿ ಸಾಲಿನ ಮುಂದೆ ನಾಲ್ಕೂವರೆಗೇ ಕೋನ್ ಇಡಲಾಯಿತು. ನಿಂತ ಕಾರು ಎತ್ತುವುದಕ್ಕೆ ಕ್ರೇನ್ ಬೇಕು, ನಿಲ್ಲದಂತೆ ನೋಡಿಕೊಳ್ಳುವುದಕ್ಕೆ ಒಬ್ಬ ಹೋಮ್‌ಗಾರ್ಡ್ ಸಾಕು.