ಯೇಸು ಹುಟ್ಟಿದ್ದು ಡಿಸೆಂಬರ್ 25ಕ್ಕೇನಾ?

ಡಿಸೆಂಬರ್ ಬಂತೆಂದರೆ ನಾನು ನರ್ಸ್ ಆಗಿರುವ ಆಸ್ಪತ್ರೆಯ ವಾರ್ಡಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಬಾಯಲ್ಲಿ ಕೇಕ್ ಇಟ್ಟುಕೊಂಡೇ. "ಸಿಸ್ಟರ್, ಯೇಸು ಹುಟ್ಟಿದ್ದು ನಿಜವಾಗ್ಲೂ 25ನೇ ತಾರೀಖೇನಾ?" ಸ್ವಲ್ಪ ಓದಿಕೊಂಡವರಾದರೆ ಇನ್ನೊಂದನ್ನೂ ಸೇರಿಸುತ್ತಾರೆ: "ತಾರೀಖೇ ಗೊತ್ತಿಲ್ಲ ಅಂದ್ಮೇಲೆ ಆ ಹಬ್ಬದಿಂದ ನಿಮಗೆ ಸಿಗೋದಾದ್ರೂ ಏನು?"

ಮೊದಲನೆಯದು ಸುಲಭ. ಬೈಬಲಿನಲ್ಲಿ ತಾರೀಖು ಇಲ್ಲ, ತಿಂಗಳೂ ಇಲ್ಲ. ಡಿಸೆಂಬರ್ 25 ಅಂತ ಕಾಣಿಸಿಕೊಳ್ಳುವುದು ರೋಮಿನಲ್ಲಿ 354ರಲ್ಲಿ ಸಿದ್ಧವಾದ, ನಮ್ಮ ಪಂಚಾಂಗದಂಥ ಒಂದು ಪುಸ್ತಕದಲ್ಲಿ. ಆ ದಿನವೇ ಯಾಕೆ ಅಂತ ಪಂಡಿತರು ಇವತ್ತಿಗೂ ವಾದ ಮಾಡುತ್ತಾರೆ. ರೋಮಿನವರ ಸೂರ್ಯನ ಹಬ್ಬದ ಜಾಗಕ್ಕೆ ಬಂತು ಅನ್ನುವವರಿದ್ದಾರೆ. ಯೇಸು ತಾಯಿಯ ಹೊಟ್ಟೆಯಲ್ಲಿ ಮೂಡಿದ ದಿನ ಅಂತ ನಂಬಿದ್ದ ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿಸಿದರು ಅನ್ನುವವರೂ ಇದ್ದಾರೆ. ಅರ್ಮೇನಿಯಾದ ಚರ್ಚಿನವರು ಜನವರಿ 6ಕ್ಕೆ ಆಚರಿಸುತ್ತಾರೆ, ರಷ್ಯಾದವರು 7ಕ್ಕೆ. ನನಗೇನೂ ತಲೆಬಿಸಿ ಇಲ್ಲ. ನಮ್ಮಜ್ಜಿಗೂ ತಾನು ಹುಟ್ಟಿದ ತಾರೀಖು ಗೊತ್ತಿರಲಿಲ್ಲ. ಹಾಗಂತ ಅಜ್ಜಿ ಹುಟ್ಟಲೇ ಇಲ್ಲ ಅನ್ನೋಕಾಗುತ್ತಾ?

ಬೈಬಲಿನಲ್ಲಿ ಯೇಸು ಹುಟ್ಟಿದ ಕಥೆ ಹೇಳುವ ಲೂಕ ತಾರೀಖು ಬರೆಯದಿದ್ದರೂ ಹೊತ್ತನ್ನು ಮಾತ್ರ ಬರೆದಿದ್ದಾನೆ. ರಾತ್ರಿ. ಸುದ್ದಿ ಮೊದಲು ಮುಟ್ಟಿದ್ದು ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಹಳೆಯ ಕನ್ನಡ ಬೈಬಲಿನಲ್ಲಿ ಅವರನ್ನು ಸೀದಾ 'ಕುರುಬರು' ಅಂತಲೇ ಕರೆದಿದೆ. ಗದಗದ ಕಡೆ ಬೆಳೆದ ನನಗೆ ಅವರ ಪರಿಚಯ ಬೇರೆ ಬೇಕಿರಲಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ತರುಬುತ್ತಿದ್ದರು. ಸುತ್ತ ಬಲೆ, ಒಳಗೆ ಹಿಂಡು. ಕಂಬಳಿ ಕೊಪ್ಪೆ ಹಾಕಿಕೊಂಡ ಮುದುಕನೊಬ್ಬ ಯಾವಾಗಲೂ ಬೆಂಕಿಗೆ ಬೆನ್ನು ಮಾಡಿ ಕೂತಿರುತ್ತಿದ್ದ. ಬೆಂಕಿ ನೋಡ್ತಾ ಕೂತರೆ ಆಮೇಲೆ ಕತ್ತಲಲ್ಲಿ ಕಣ್ಣು ಕಾಣಲ್ಲ, ತೋಳ ಬಂದರೂ ಗೊತ್ತಾಗಲ್ಲ ಅಂತ. ಕಂಬಳಿಯೊಳಗಿಂದ ಅವತ್ತೇ ಹುಟ್ಟಿದ ಮರಿಯ ಮೂತಿ ಇಣುಕುತ್ತಿತ್ತು.

ಎರಡನೇ ಪ್ರಶ್ನೆಗೆ ಉತ್ತರ ಹೇಳಲು ನಾನು ಒಂದು ರಾತ್ರಿಯ ಬಗ್ಗೆ ಹೇಳಬೇಕು.

ಅಪ್ಪ ತೀರಿಕೊಂಡ ವರ್ಷ ಡಿಸೆಂಬರ್ 24ರ ನೈಟ್ ಡ್ಯೂಟಿಯನ್ನು ನಾನೇ ಕೇಳಿ ಹಾಕಿಸಿಕೊಂಡೆ. ಚರ್ಚಿನಲ್ಲಿ ಅಪ್ಪ ಕೂರುತ್ತಿದ್ದ ಬೆಂಚು ನೋಡುವುದು ಬೇಡವಾಗಿತ್ತು. ಎರಡು ತಿಂಗಳಿಂದ ಸರಿಯಾಗಿ ನಿದ್ದೆಯೂ ಇರಲಿಲ್ಲ. ರಾತ್ರಿ ಎರಡಕ್ಕೆ ಒಬ್ಬರ ಡ್ರಿಪ್ ಬದಲಿಸಿ ಬಂದು ಕೂತಾಗ ಸುಮ್ನೆ ಆ ಕುರುಬರು ನೆನಪಾದರು. ಅರೆ, ಅವರೂ ನೈಟ್ ಡ್ಯೂಟಿಯವರೇ ಅಲ್ವಾ! ಸುದ್ದಿ ತಂದ ದೇವದೂತನ ಜೊತೆ ಬೆಳಕು ಅವರಿದ್ದ ಹೊಲಕ್ಕೇ ಹುಡುಕಿಕೊಂಡು ಬಂತು. ಹೋಗಿ ಕೂಸನ್ನು ನೋಡಿದರು, ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರು ಅಂತ ಇದೆ. ಎಲ್ಲಿಗೆ? ಕುರಿಗಳ ಹತ್ತಿರಕ್ಕೇ ಇರಬೇಕು. ಬೆಳಗಾದರೆ ಅದೇ ಹೊಲ, ಅದೇ ಚಳಿ.

"ದಣಿದವರೇ, ನನ್ನ ಹತ್ತಿರ ಬನ್ನಿ, ವಿಶ್ರಾಂತಿ ಕೊಡುತ್ತೇನೆ" ಅಂತ ಕರೆದ ಯೇಸು, ಆ ಮಾತಿನ ಹಿಂದೆಯೇ "ನನ್ನ ನೊಗ ಹೊತ್ತುಕೊಳ್ಳಿ" ಅನ್ನುತ್ತಾನೆ. ಬೈಬಲಿನ ಮತ್ತಾಯನ ಪುಸ್ತಕದ 11ನೇ ಅಧ್ಯಾಯದಲ್ಲಿದೆ. ಚಿಕ್ಕವಳಿದ್ದಾಗ ಇದೆಂಥಾ ವಿಶ್ರಾಂತಿ, ಮೋಸ ಅಂತ ಅಪ್ಪನ ಹತ್ತಿರ ಜಗಳ ಮಾಡಿದ್ದೆ. ಅಪ್ಪ ಒಕ್ಕಲುತನದವರು. "ಹೋರಿ ಪಳಗಿಸೋವಾಗ ಯಾರ ಜೊತೆ ಕಟ್ತೀವಿ?" ಅಂದರು. ಹಳೇ ಎತ್ತಿನ ಜೊತೆ. ಭಾರ ಎಳೆಯುವುದು ಅದು. ಹೋರಿ ಪಕ್ಕದಲ್ಲಿ ಹೆಜ್ಜೆ ಹಾಕಿದರೆ ಸಾಕು.

ದುಃಖ ಹೋಯ್ತಾ ಅಂದರೆ, ಇಲ್ಲ. ಆದರೆ ಆ ರಾತ್ರಿ ನೊಗದ ಇನ್ನೊಂದು ಕಡೆ ಯಾರೋ ಇದ್ದಾರೆ ಅನ್ನಿಸಿತು. ಇದಕ್ಕಿಂತ ಜಾಸ್ತಿ ಹೇಳಿದರೆ ಸುಳ್ಳಾಗುತ್ತದೆ.

ಬೆಳಿಗ್ಗೆ ಡ್ಯೂಟಿ ಮುಗಿಸಿ ಸೀದಾ ಚರ್ಚಿಗೆ ಹೋದೆ. ಅಪ್ಪನ ಬೆಂಚಿನಲ್ಲೇ ಅಮ್ಮನ ಪಕ್ಕ ಕೂತೆ. ಪಾದ್ರಿ ಅಯ್ಯನವರು ಪ್ರಸಂಗ ಶುರು ಮಾಡಿದ್ದು ಗೊತ್ತು, ಮುಗಿಸಿದ್ದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಜನ ಎಲ್ಲ ಹೊರಗೆ ಕೇಕ್ ತಿನ್ನುತ್ತಿದ್ದರು. ಅಮ್ಮ ಒಬ್ಬರೇ, ಅಲುಗಾಡದೆ, ನನ್ನ ತಲೆಗೆ ಭುಜ ಕೊಟ್ಟು ಕೂತಿದ್ದರು.