ಬಳ್ಳಿಯ ಗುಣ, ಬೀಜದ ಗುಣ

ಶಿರಸಿಯ ತೋಟದಲ್ಲಿ ಇಂದು ಅಪ್ಪನ ಜೊತೆ ಕಾಳುಮೆಣಸಿನ ಬಳ್ಳಿ ನೆಡುವಾಗ, ಗೆಣ್ಣಿನಲ್ಲಿ ಮೂಡಿದ್ದ ಬಿಳಿಬೇರುಗಳನ್ನು ಬಹಳ ಹೊತ್ತು ನೋಡಿದೆ. ಕತ್ತರಿಸಿದ ತುಂಡಿನ ಕೋಶಗಳು ಗುಣಗಳನ್ನು ಹೊತ್ತ ಎಳೆಗಳಾದ ತಮ್ಮ ವರ್ಣತಂತುಗಳನ್ನೆಲ್ಲ ನಕಲು ಮಾಡಿಕೊಂಡು ಇಬ್ಭಾಗವಾಗುತ್ತಲೇ ಬೆಳೆಯುವುದರಿಂದ, ಹೊಸ ಬಳ್ಳಿಗೆ ತಾಯಿಬಳ್ಳಿಯ ಗುಣವೇ ಬರುತ್ತದೆ.

ಅಡಿಕೆಯ ರೀತಿ ಬೇರೆ. ಅದರ ಕೋಶದ 32 ವರ್ಣತಂತುಗಳು, ಜೋಡಿಜೋಡಿಯಾಗಿ ತುಣುಕುಗಳನ್ನು ಅದಲುಬದಲು ಮಾಡಿಕೊಂಡ ಮೇಲೆ, ಪರಾಗದಲ್ಲೂ ಅಂಡದಲ್ಲೂ 16ಕ್ಕೆ ಇಳಿಯುತ್ತವೆ. ಆದ್ದರಿಂದಲೇ ಒಂದೇ ಗೊನೆಯ ಬೀಜಗಳಿಂದ ಎದ್ದ ಸಸಿಗಳೂ ಒಂದರಂತೆ ಒಂದಿರುವುದಿಲ್ಲ. ಬೀಜಕ್ಕೆ ಒಳ್ಳೆಯ ಮರವನ್ನೇ ಆರಿಸಿದರೂ ಪರಾಗ ಯಾವ ಮರದ್ದೆಂದು ತಿಳಿಯದಲ್ಲ ಎಂದು ಅಪ್ಪನನ್ನು ಕೇಳಿದೆ. “ಅದಕ್ಕೇ ತಮಾ, ಹತ್ತು ಸಸಿ ಎಬ್ಬಿಸಿ ಎರಡನ್ನು ಉಳಿಸಿಕೊಳ್ಳುವುದು” ಎಂದು ಹೇಳಿ, ಅವರು ಮುಂದಿನ ಮರದ ಬುಡಕ್ಕೆ ನಡೆದರು.