ಆಕಾಶ ಶುಭ್ರವಾಗಿದೆ, ಆದರೂ ವಿಮಾನ ಯಾಕೆ ಬರಲಿಲ್ಲ?

ದೂರದ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳನ್ನು ಖಾಸಗಿ ಪೈಲಟ್‌ಗಳು ತಮ್ಮ ಸಣ್ಣ ವಿಮಾನದಲ್ಲಿ, ತಮ್ಮ ಖರ್ಚಿನಲ್ಲಿ ಕರೆದೊಯ್ಯುವ ಪದ್ಧತಿ ಅಮೆರಿಕದಲ್ಲಿ ದಶಕಗಳಿಂದ ಇದೆ. ಈ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ‘ಬೆಳಿಗ್ಗೆ ಫೋನ್ ಮಾಡಿ ಇವತ್ತು ಆಗಲ್ಲ ಅಂತಾರೆ. ಕಿಟಕಿಯಾಚೆ ನೋಡಿದರೆ ಒಳ್ಳೇ ಬಿಸಿಲು. ಬರೋಕೆ ಏನು ಕಷ್ಟ?’

ಕಿಟಕಿಯಿಂದ ಕಾಣುವುದು ಒಂದು ಊರಿನ ಆಕಾಶ. ಪೈಲಟ್ ನೋಡಬೇಕಾದದ್ದು ಕನಿಷ್ಠ ಮೂರು ಊರಿನದು. ಪೈಲಟ್ ಇರುವುದು ಒಂದು ಊರು, ರೋಗಿ ಇನ್ನೊಂದು, ಆಸ್ಪತ್ರೆ ಮತ್ತೊಂದು. ರೋಗಿಯ ಪಾಲಿಗೆ ಅದು ಒಂದು ಪ್ರಯಾಣ, ಪೈಲಟ್ ಪಾಲಿಗೆ ಮೂರು: ಖಾಲಿ ವಿಮಾನದಲ್ಲಿ ಬರುವುದು, ರೋಗಿಯನ್ನು ಕರೆದೊಯ್ಯುವುದು, ಮತ್ತೆ ಖಾಲಿಯಾಗಿ ಮನೆಗೆ ಮರಳುವುದು. ಈ ಮೂರರಲ್ಲಿ ಯಾವುದು ಕೆಟ್ಟರೂ ಇಡೀ ದಿನ ಕೆಟ್ಟಂತೆ. ರೋಗಿಯ ಊರಲ್ಲಿ ಬಿಸಿಲಿದ್ದು ಪೈಲಟ್ ಊರಲ್ಲಿ ಮಂಜು ನೆಲ ಬಿಡದಿದ್ದರೆ ವಿಮಾನ ಹೊರಡುವುದೇ ಇಲ್ಲ.

ಮೋಡವಿದ್ದರೆ ದೊಡ್ಡ ವಿಮಾನಗಳು ಹೋಗುವುದಿಲ್ಲವೇ ಎನ್ನಬಹುದು. ಹೋಗುತ್ತವೆ. ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಏನೂ ಕಾಣದಿದ್ದಾಗ ಉಪಕರಣಗಳನ್ನೇ ನೋಡಿ ಹಾರಿಸುವ ಅರ್ಹತೆ, ಇರುವ ಪೈಲಟ್ ಸಣ್ಣ ವಿಮಾನದಲ್ಲೂ ಮೋಡದೊಳಗೆ ಹೋಗಬಹುದು. ಆದರೆ ಹಿಂದಿನ ಆರು ತಿಂಗಳಲ್ಲಿ ಉಪಕರಣ ನೋಡಿಕೊಂಡೇ ರನ್‌ವೇಗೆ ಇಳಿದು ಬರುವ ಆರು ಅಪ್ರೋಚ್‌ಗಳನ್ನಾದರೂ ಮಾಡಿರಬೇಕು. ಪ್ರಯಾಣಿಕರನ್ನು ಕೂರಿಸಿಕೊಳ್ಳಲು 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು. ಇವು ಕಾನೂನಿನ ಕನಿಷ್ಠಗಳು, ಅಷ್ಟೇ. ಜಾಗ್ರತೆಯ ಪೈಲಟ್ ತನ್ನ ಗೆರೆಯನ್ನು ಇದಕ್ಕಿಂತ ಮೇಲೆಯೇ ಎಳೆದುಕೊಂಡಿರುತ್ತಾನೆ.

ಚಳಿಗಾಲದಲ್ಲಿ ನಿಜವಾದ ಶತ್ರು ಮೋಡವಲ್ಲ, ಮೋಡದೊಳಗಿನ ನೀರು. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟದೆ ತೇಲುತ್ತಿರುವ ಹನಿಗಳು ರೆಕ್ಕೆಯ ಮುಂದಂಚಿಗೆ ತಗುಲಿದ ಕೂಡಲೇ ಹಿಮವಾಗುತ್ತವೆ. ತೂಕ ಹೆಚ್ಚುವುದು ಸಣ್ಣ ತೊಂದರೆ. ದೊಡ್ಡದು, ರೆಕ್ಕೆಯ ಆಕಾರವೇ ಬದಲಾಗುವುದು. ಮರಳು ಕಾಗದದಷ್ಟು ಒರಟು ಪದರ ಕೂತರೂ ಎತ್ತುವ ಶಕ್ತಿ ಕುಗ್ಗುತ್ತದೆ, ಎಂದಿನ ವೇಗದಲ್ಲೇ ವಿಮಾನ ಸ್ಟಾಲ್ ಆಗಬಹುದು, ಅಂದರೆ ರೆಕ್ಕೆ ಎತ್ತಿಹಿಡಿಯಲಾರದೆ ಕುಸಿಯಬಹುದು. ದೊಡ್ಡ ಜೆಟ್‌ಗಳು ಎಂಜಿನ್ನಿನ ಬಿಸಿಗಾಳಿಯಿಂದ ರೆಕ್ಕೆಯನ್ನು ಬಿಸಿಯಾಗಿಟ್ಟುಕೊಂಡು ಮೇಲೇರಿಬಿಡುತ್ತವೆ. ಒಂದು ಎಂಜಿನ್ನಿನ ಬಹುತೇಕ ವಿಮಾನಗಳಿಗೆ ಆ ಸೌಕರ್ಯವಿಲ್ಲ. ಹಾಗಾಗಿ ಕೆಳಗೆ ನಿಂತವರಿಗೆ ಬರೀ ಬೂದು ಮೋಡವಾಗಿ ಕಾಣುವುದು ಪೈಲಟ್‌ಗೆ ಮುಚ್ಚಿದ ಬಾಗಿಲು.

ಇನ್ನು ತೂಕ. ಜನರಿಗೆ ಹೆಚ್ಚು ಬೇಸರ ತರಿಸುವ ವಿಷಯವೂ ಇದೇ. ‘ನಾಲ್ಕು ಸೀಟು ಇದೆ, ಮಗನೂ ಬರ್ತಾನೆ, ಒಂದು ಖಾಲಿ ಇದೆಯಲ್ಲ’ ಅನ್ನುತ್ತಾರೆ. ಸೆಸ್ನಾ 182 ಎಂಬ, ಒಂದು ಎಂಜಿನ್ನಿನ ನಾಲ್ಕು ಸೀಟಿನ ವಿಮಾನವೊಂದನ್ನು ತೆಗೆದುಕೊಳ್ಳೋಣ. ಜನ, ಸಾಮಾನು, ಇಂಧನ ಎಲ್ಲ ಸೇರಿ ಅದು ಹೊರಬಲ್ಲದ್ದು 1,100 ಪೌಂಡ್ ಎಂದಿಟ್ಟುಕೊಳ್ಳಿ, ಸುಮಾರು 500 ಕಿಲೋ. ಪೈಲಟ್ ಮತ್ತು ಅವನ ಚೀಲ 210 ಪೌಂಡ್. ರೋಗಿ 160, ಜೊತೆಗಾರ 180. ಮಡಚುವ ಗಾಲಿಕುರ್ಚಿ 40, ಸೂಟ್‌ಕೇಸ್ 35. ಇಲ್ಲಿಗೆ 625. ಟ್ಯಾಂಕ್ ತುಂಬಿಸಿದರೆ 87 ಗ್ಯಾಲನ್, ಗ್ಯಾಲನ್ನಿಗೆ 6 ಪೌಂಡ್‌ನಂತೆ 522. ಮೊತ್ತ 1,147. ಮೂವರೇ ಕೂತರೂ 47 ಪೌಂಡ್ ಜಾಸ್ತಿಯಾಯಿತು!

ಹಾಗಾಗಿ 60 ಗ್ಯಾಲನ್ ಮಾತ್ರ ಹಾಕುತ್ತಾರೆ. ಮೊತ್ತ 985ಕ್ಕೆ ಇಳಿಯುತ್ತದೆ. ಗಂಟೆಗೆ 13 ಗ್ಯಾಲನ್ ಖರ್ಚು ಹಿಡಿದರೆ ಮೂರು ಗಂಟೆಯ ಹಾರಾಟಕ್ಕೆ 39, ನೆಲದ ಮೇಲಿನ ಓಡಾಟಕ್ಕೆ 2. ಉಳಿದ 19 ಗ್ಯಾಲನ್ನಿನಲ್ಲಿ ಗುರಿಯ ಊರು ಮುಚ್ಚಿದ್ದರೆ ಪಕ್ಕದ ವಿಮಾನ ನಿಲ್ದಾಣಕ್ಕೆ ಹೋಗಬೇಕು. ಅದಾದ ಮೇಲೂ ಮುಕ್ಕಾಲು ಗಂಟೆಗೆ ಸಾಲುವಷ್ಟು ಟ್ಯಾಂಕಿನಲ್ಲಿರಬೇಕು. ಉಪಕರಣದ ನಿಯಮದಡಿ ಹಾರುವವರಿಗೆ ಇದು ಕಾನೂನು. ಈಗ 170 ಪೌಂಡಿನ ಮಗನನ್ನು ಹತ್ತಿಸಿ ನೋಡಿ. 1,155 ಆಯಿತು. 10 ಗ್ಯಾಲನ್ ಇಳಿಸಿದರೆ ತೂಕ ಸರಿಹೋಗುತ್ತದೆ, ಆದರೆ ತಲುಪುವ ಹೊತ್ತಿಗೆ ಟ್ಯಾಂಕಿನಲ್ಲಿ ಉಳಿಯುವುದು 9 ಗ್ಯಾಲನ್. ಮುಕ್ಕಾಲು ಗಂಟೆಗೂ ಸಾಲದು. ಖಾಲಿ ಸೀಟು ಖಾಲಿಯಾಗಿಯೇ ಹೋಗಬೇಕು.

ಅದಕ್ಕೇ ತೂಕ ಕೇಳಿದಾಗ ನಾಚಿಕೆಗೆ ಐದು ಕಿಲೋ ಕಡಿಮೆ ಹೇಳಬೇಡಿ. ಬಟ್ಟೆ, ಬೂಟು, ಕೈಚೀಲ ಸಮೇತ ತೂಕದ ಯಂತ್ರದ ಮೇಲೆ ನಿಂತು ಬಂದ ಅಂಕಿಯನ್ನೇ ಹೇಳಿ. ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಚೀಲ ತನ್ನಿ. ಹಿಂದಿನ ಸಾಮಾನು ಗೂಡಿಗೆ ತನ್ನದೇ ಮಿತಿಯಿದೆ. ಭಾರವೆಲ್ಲ ಬಾಲದ ಕಡೆ ಹೋದರೆ ಮೂತಿ ಮೇಲೇಳುತ್ತದೆ, ಸ್ಟಾಲ್ ಆದಾಗ ಅದನ್ನು ಮತ್ತೆ ಕೆಳಗಿಳಿಸುವುದು ಕಷ್ಟ.

ಬೇಸಿಗೆಯಲ್ಲಿ ಇದೇ ಲೆಕ್ಕಕ್ಕೆ ಇನ್ನೊಂದು ತಿರುವು. ಸಮುದ್ರಮಟ್ಟದಿಂದ 5,000 ಅಡಿ ಎತ್ತರದ ಊರಿನಲ್ಲಿ ಮಧ್ಯಾಹ್ನ 35 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ, ವಿಮಾನ ಸುಮಾರು 8,600 ಅಡಿಯಲ್ಲಿರುವಂತೆ ವರ್ತಿಸುತ್ತದೆ. ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಎಂಜಿನ್ ಶಕ್ತಿಯ ಕಾಲು ಭಾಗ ಅಲ್ಲೇ ಹೋಯಿತು. ಬೆಳಿಗ್ಗೆ ಏಳಕ್ಕೇ ಹೊರಡೋಣ ಎನ್ನುವುದು ಇದಕ್ಕೇ. ಆಸ್ಪತ್ರೆಯಲ್ಲಿ ತಡವಾಗಿ ಮಧ್ಯಾಹ್ನ ಮೂರಕ್ಕೆ ಹಿಂತಿರುಗಬೇಕಾಗಿ ಬಂದರೆ ಸೆಕೆಯ ಜೊತೆಗೆ ಗುಡುಗು ಮೋಡಗಳೂ ಎದ್ದಿರುತ್ತವೆ. ತೀವ್ರ ಗುಡುಗು ಮಳೆಯಿಂದ 20 ಮೈಲಿಯಾದರೂ ದೂರವಿರಬೇಕು.

ಇದು ಏರ್ ಆಂಬುಲೆನ್ಸ್ ಅಲ್ಲ. ವಿಮಾನದಲ್ಲಿ ನರ್ಸ್ ಇಲ್ಲ, ಸ್ಟ್ರೆಚರ್ ಇಲ್ಲ, ಸಾಮಾನ್ಯವಾಗಿ ಶೌಚಾಲಯವೂ ಇಲ್ಲ. ರೋಗಿ ರೆಕ್ಕೆ ಅಥವಾ ಮೆಟ್ಟಿಲು ಹತ್ತಿ ಸೀಟಿಗೆ ಬಂದು ನೆಟ್ಟಗೆ ಕೂರಬಲ್ಲವರಾಗಿರಬೇಕು. ಕ್ಯಾಬಿನ್‌ನಲ್ಲಿ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆ ಹೆಚ್ಚಿನ ಸಣ್ಣ ವಿಮಾನಗಳಲ್ಲಿರುವುದಿಲ್ಲ. 8,000 ಅಡಿಯಲ್ಲಿ ದೇಹದೊಳಗೆ ಸಿಕ್ಕಿಕೊಂಡ ಅನಿಲ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ರೆಟಿನಾ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗೆ ಅನಿಲದ ಗುಳ್ಳೆ ಬಿಟ್ಟವರು ಅದು ಕರಗುವವರೆಗೆ ಹಾರಲೇಬಾರದು, ದೃಷ್ಟಿಯೇ ಹೋದೀತು. ಹೋಗುವಾಗ ಸರಿಯಿದ್ದವರು ಬರುವಾಗ ಹಾರಲಾರದವರಾಗಿರಬಹುದು. ಈ ಸಂಗತಿ ಹಲವರಿಗೆ ಹೊಳೆಯುವುದೇ ಇಲ್ಲ, ವೈದ್ಯರ ಅನುಮತಿಯನ್ನು ಎರಡೂ ಕಡೆಗೆ ಬೇರೆ ಬೇರೆಯಾಗಿ ಕೇಳಿ.

ರೋಗಿ ಕಾಯುತ್ತಿದ್ದಾರೆ ಎಂಬ ಯೋಚನೆಯೇ ಪೈಲಟ್‌ನ ತೀರ್ಮಾನವನ್ನು ಬಾಗಿಸುತ್ತದೆ. 2017ರ ಜೂನ್ 28ರಂದು ಆಸ್ಟ್ರೇಲಿಯಾದ ಮೌಂಟ್ ಗ್ಯಾಂಬಿಯರ್‌ನಿಂದ ಅಡಿಲೇಡ್‌ಗೆ ಹೊರಟ ಇಂಥದೇ ಉಚಿತ ವಿಮಾನ ಮಂಜು, ತಗ್ಗು ಮೋಡದಲ್ಲಿ ಮೇಲೆದ್ದು ಒಂದೆರಡು ನಿಮಿಷದೊಳಗೆ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಮೂವರೂ ತೀರಿಕೊಂಡರು. ಪೈಲಟ್‌ಗೆ ಮೋಡದೊಳಗೆ ಹಾರುವ ಅರ್ಹತೆ ಇರಲಿಲ್ಲ. ಇಂಥ ಹಾರಾಟವನ್ನು ‘ಮಿಷನ್’ ಎಂದು ಕರೆಯುವ ರೂಢಿಯೇ ನನಗೆ ಹಿಡಿಸುವುದಿಲ್ಲ. ಮಿಷನ್ ಅಂದರೆ ಪೂರೈಸಲೇಬೇಕಾದದ್ದು ಎಂಬ ಅರ್ಥ ಅದರೊಳಗೇ ಇದೆ.

ಆದ್ದರಿಂದ ರೋಗಿಯ ಕಡೆಯವರು ಮೊದಲ ದಿನದಿಂದಲೇ ಇನ್ನೊಂದು ದಾರಿ ಇಟ್ಟುಕೊಂಡಿರಬೇಕು: ಕಾರು, ಬಸ್ಸು ಅಥವಾ ಹಣ ವಾಪಸಾಗುವ ವಿಮಾನ ಟಿಕೆಟ್. ಕಾರಿನಲ್ಲಿ ಎಂಟು ಗಂಟೆಯ ದಾರಿಯಾದರೆ, ‘ವಿಮಾನ ಬರಲ್ಲ’ ಎಂಬ ಸುದ್ದಿ ಎಷ್ಟು ಹೊತ್ತಿಗೆ ಸಿಕ್ಕರೆ ನಾವು ಹೊರಟು ತಲುಪಬಹುದು ಎಂದು ಲೆಕ್ಕ ಹಾಕಿ, ಆ ಗಡುವನ್ನು ಪೈಲಟ್‌ಗೆ ಮುಂಚೆಯೇ ತಿಳಿಸಿ. ತಪ್ಪಿಸಲಾಗದ ಶಸ್ತ್ರಚಿಕಿತ್ಸೆಯಾದರೆ ಹಿಂದಿನ ದಿನವೇ ತಲುಪುವಂತೆ ಹಾರಾಟ ಇಟ್ಟುಕೊಳ್ಳಿ. ಅಂಗಾಂಗ ಸಿಕ್ಕಿದೆ, ಬನ್ನಿ ಎಂದು ಯಾವ ಗಳಿಗೆಯಲ್ಲಾದರೂ ಕರೆ ಬರುವವರು ಈ ಒಂದನ್ನೇ ನೆಚ್ಚಿ ಕೂರಬಾರದು. ಕೊನೆಗೆ ಒಂದು ಚಿಕ್ಕ ವಿಷಯ, ಆದರೆ ಹಲವರು ಎಡವುವುದು ಇಲ್ಲೇ: ಸಣ್ಣ ವಿಮಾನಗಳು ನಿಲ್ಲುವುದು ದೊಡ್ಡ ಟರ್ಮಿನಲ್ ಬಳಿ ಅಲ್ಲ, ಸಾಮಾನ್ಯವಾಗಿ ನಿಲ್ದಾಣದ ಇನ್ನೊಂದು ಬದಿಯ ಎಫ್‌ಬಿಒ ಕಟ್ಟಡದ ಬಳಿ, ಅಂದರೆ ಖಾಸಗಿ ವಿಮಾನಗಳಿಗೆ ಇಂಧನ, ನಿಲುಗಡೆ ಒದಗಿಸುವ ಸಂಸ್ಥೆಯ ಬಳಿ. ಅದರ ಗೇಟು, ರಸ್ತೆ ಎಲ್ಲ ಬೇರೆ. ಸರಿಯಾದ ವಿಳಾಸವನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ, ಮನೆ ಬಿಡುವ ಮುಂಚೆ ಶೌಚಾಲಯಕ್ಕೂ ಹೋಗಿಬನ್ನಿ.